ಲೌಫೆನ್‌ಬುರ್ಗ್‌ನಲ್ಲಿ ಬಾಡಿಗೆ ಮನೆ ಹಿಡಿಯುವ ಮೊದಲು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸುತ್ತಮುತ್ತ ಕೆಲಸ ಸಿಕ್ಕಿ ಬರುವ ನಮ್ಮ ಕಡೆಯವರು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿದ್ದಾರೆ. ಚಿಂತಾಮಣಿ, ಮಾಲೂರು, ತಿಪಟೂರು, ಎಲ್ಲ ಕಡೆಯಿಂದಲೂ ಇದ್ದಾರೆ. ವೀಸಾ ಅರ್ಜಿ, ಬ್ಯಾಂಕ್ ಖಾತೆ, ಚಳಿಗೆ ಎಂಥ ಜಾಕೆಟ್ ಎಂಬುದೆಲ್ಲ ನಿಮಗೆ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ. ಬಂದವರೆಲ್ಲ ಎಡವುವುದು ಒಂದೇ ಜಾಗದಲ್ಲಿ. ಅದು ಬಾಡಿಗೆ ಮನೆ.

ರೈನ್ ನದಿಯ ಎರಡೂ ದಡದಲ್ಲಿ ಲೌಫೆನ್‌ಬುರ್ಗ್ ಎಂಬ ಊರಿದೆ. ದಕ್ಷಿಣದ್ದು ಸ್ವಿಟ್ಜರ್ಲೆಂಡಿನ ಆರ್ಗೌ ಕ್ಯಾಂಟನ್‌ನಲ್ಲಿ (ಅಂದರೆ ರಾಜ್ಯದಲ್ಲಿ), ಉತ್ತರದ್ದು ಜರ್ಮನಿಯಲ್ಲಿ. ಮೊದಲು ಎರಡೂ ಸೇರಿ ಒಂದೇ ಊರಾಗಿತ್ತು. 1801ರಲ್ಲಿ, ನೆಪೋಲಿಯನ್ ಕಾಲದಲ್ಲಿ, ನದಿಯೇ ಗಡಿಯಾಯಿತು. ಅಲ್ಲಿಂದ ಬಾಸೆಲ್ ಕಡೆಗೆ ಬಂದರೆ ರೈನ್‌ಫೆಲ್ಡೆನ್, ಅದೂ ಎರಡು. ಸ್ವಿಸ್ ರೈನ್‌ಫೆಲ್ಡೆನ್ ಹಳೆಯ ಊರು. ಜರ್ಮನಿಯದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಲವಿದ್ಯುತ್ ಕೇಂದ್ರದ ಸುತ್ತ ಬೆಳೆದದ್ದು.

ಹಳೆ ಸೇತುವೆ ಮೇಲೆ ನಡೆದರೆ ಕೆಲವೇ ನಿಮಿಷದಲ್ಲಿ ಇನ್ನೊಂದು ದೇಶದಲ್ಲಿರುತ್ತೀರಿ. 2008ರ ಕೊನೆಯಿಂದ ಸ್ವಿಟ್ಜರ್ಲೆಂಡ್ ಕೂಡ ಷೆಂಗೆನ್ (ಒಳಗಡಿಯಲ್ಲಿ ತಪಾಸಣೆ ತೆಗೆದುಹಾಕಿದ ಯುರೋಪಿನ ದೇಶಗಳ ಕೂಟ) ಒಳಗಿದೆ, ಹಾಗಾಗಿ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ನಾನು ಗೌರಿಬಿದನೂರಿನವಳು. ಬೆಳಿಗ್ಗೆ ಹಿಂದೂಪುರದಿಂದ ರೈಲು ಹತ್ತಿ ಬಂದು ನಮ್ಮೂರಲ್ಲಿ ದುಡಿದು ಸಂಜೆ ಆಂಧ್ರಕ್ಕೆ ವಾಪಸ್ ಹೋಗುವವರನ್ನು ನೋಡಿಕೊಂಡೇ ಬೆಳೆದವಳು. ಅಂಥ ಊರಿನಿಂದ ಬಂದವರಿಗೆ ಇಲ್ಲಿನ ಗಡಿಯೂ ಅಷ್ಟೇ ಅಂತ ಅನ್ನಿಸುವುದು ಸಹಜ. ಆದರೆ ಇಲ್ಲಿ ಹಾಗಲ್ಲ.

ಸ್ವಿಸ್ ಕಡೆ ಬಾಡಿಗೆ ವಿಪರೀತ. ಸೇತುವೆ ದಾಟಿದರೆ ಅದೇ ಅಳತೆಯ ಮನೆ ಎಷ್ಟೋ ಕಡಿಮೆಗೆ ಸಿಗುತ್ತದೆ. ಸಂಬಳ ಸ್ವಿಸ್ ಫ್ರಾಂಕ್‌ನಲ್ಲಿ, ಬಾಡಿಗೆ ಯೂರೋದಲ್ಲಿ. ಕೇಳಲು ತುಂಬಾ ಚೆನ್ನಾಗಿದೆ. ಆಫೀಸಿನ ಜರ್ಮನ್ ಗೆಳೆಯರೂ "ನಾವೆಲ್ಲ ಹಾಗೇ ಇರೋದು, ಏನೂ ತೊಂದರೆ ಇಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ತೊಂದರೆ ಇಲ್ಲವೇ ಇಲ್ಲ, ಯಾಕೆಂದರೆ ಅವರ ಕೈಯಲ್ಲಿ ಇರುವುದು ಯುರೋಪಿಯನ್ ಯೂನಿಯನ್ ಪಾಸ್‌ಪೋರ್ಟ್. ನಮ್ಮ ಕೈಯಲ್ಲಿ ಇರುವುದು ಭಾರತದ್ದು. ಒಂದೇ ಆಫೀಸು, ಒಂದೇ ಸೇತುವೆ, ಆದರೆ ಕಾನೂನು ಬೇರೆ.

ಚಿಂತಾಮಣಿ ಕಡೆಯ ಒಬ್ಬ ಹುಡುಗ ಸ್ವಿಟ್ಜರ್ಲೆಂಡಿನಲ್ಲಿ ವಾಸವಿದ್ದು ದುಡಿಯಲು ಕೊಡುವ ಬಿ ಪರ್ಮಿಟ್‌ನಲ್ಲಿದ್ದ. ಹೆಂಡತಿ, ಮಗು ಇದ್ದರು. ಜರ್ಮನ್ ಲೌಫೆನ್‌ಬುರ್ಗ್‌ನಲ್ಲಿ ಒಳ್ಳೆ ಮನೆ ನೋಡಿ ಅಗ್ರಿಮೆಂಟ್‌ಗೆ ಸಹಿ ಹಾಕಿದ. ಮೂರು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕಟ್ಟಿದ. ಸ್ವಿಸ್ ಮನೆಗೆ ನೋಟಿಸನ್ನೂ ಕೊಟ್ಟ. ಆಮೇಲೆ ಜರ್ಮನಿಯ ವಿದೇಶಿಯರ ಕಚೇರಿಗೆ ಹೋದರೆ ಅವರು ಕೇಳಿದ್ದು ಒಂದೇ: ನಿಮ್ಮ ಜರ್ಮನ್ ಪರ್ಮಿಟ್ ಎಲ್ಲಿ? ಸ್ವಿಸ್ ಪರ್ಮಿಟ್ ಇದ್ದರೆ ಜರ್ಮನಿಯಲ್ಲಿ 180 ದಿನಗಳಲ್ಲಿ 90 ದಿನ ಸುತ್ತಾಡಬಹುದು. ಅಲ್ಲಿ ಮನೆ ಮಾಡಿ ಸಂಸಾರ ಹೂಡುವ ಹಾಗಿಲ್ಲ. ಜರ್ಮನಿಯಲ್ಲಿ ಕೆಲಸವೇ ಇಲ್ಲದವನಿಗೆ ಬ್ಲೂ ಕಾರ್ಡ್ (ಓದಿದ ಹೊರಗಿನ ದೇಶದವರಿಗೆ ಕೊಡುವ ಕೆಲಸ-ವಾಸದ ಪರ್ಮಿಟ್) ಕೂಡ ಸಿಗುವುದಿಲ್ಲ.

ಇನ್ನೂ ದೊಡ್ಡ ಅಪಾಯ ಸ್ವಲ್ಪದರಲ್ಲೇ ತಪ್ಪಿತ್ತು. ಅವನು ಸ್ವಿಸ್ ಪುರಸಭೆಗೆ ಹೋಗಿ "ಊರು ಬಿಡುತ್ತಿದ್ದೇನೆ" ಎಂದು ಇನ್ನೂ ಬರೆದುಕೊಟ್ಟಿರಲಿಲ್ಲ. ದೇಶ ಬಿಡುತ್ತೇನೆ ಎಂದು ಬರೆದುಕೊಟ್ಟರೆ ಬಿ ಪರ್ಮಿಟ್ ಅಲ್ಲಿಗೇ ಮುಗಿಯುತ್ತದೆ. ಮತ್ತೆ ಬೇಕೆಂದರೆ ಕಂಪನಿ ಹೊಸದಾಗಿ ಅರ್ಜಿ ಹಾಕಬೇಕು. ನಮ್ಮಂಥ ಹೊರಗಿನ ದೇಶದವರಿಗೆ ಇಡೀ ಸ್ವಿಟ್ಜರ್ಲೆಂಡ್ ಇತ್ತೀಚಿನ ವರ್ಷಗಳಲ್ಲಿ ಇಟ್ಟಿರುವ ಕೋಟಾ ವರ್ಷಕ್ಕೆ 8,500 ಮಾತ್ರ. ಅದರ ಮೇಲೆ, ಈ ಕೆಲಸಕ್ಕೆ ಸ್ವಿಸ್ ಅಥವಾ ಯುರೋಪಿನ ಯಾರೂ ಸಿಗಲಿಲ್ಲ ಎಂದು ಕಂಪನಿ ತೋರಿಸಬೇಕು.

ದುಡ್ಡು ಹೋದದ್ದಂತೂ ಹೋಯಿತು. ಜರ್ಮನಿಯಲ್ಲಿ ಬಾಡಿಗೆದಾರ ಮನೆ ಬಿಡಲು ಮೂರು ತಿಂಗಳ ನೋಟಿಸ್ ಕೊಡಬೇಕು. ಅದೂ ಕಾಗದದ ಮೇಲೆ, ಕೈಯಾರೆ ಸಹಿ ಹಾಕಿ. ಇಮೇಲ್ ನಡೆಯುವುದಿಲ್ಲ. ತಿಂಗಳ ಮೂರನೇ ಕೆಲಸದ ದಿನದೊಳಗೆ ಪತ್ರ ತಲುಪಿದರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ. ಇವನು ಇಮೇಲ್ ಕಳಿಸಿ ಸುಮ್ಮನಿದ್ದ, ಹಾಗಾಗಿ ಇನ್ನೊಂದು ತಿಂಗಳು ಹೋಯಿತು. ಒಂದು ದಿನವೂ ಮಲಗದ ಮನೆಗೆ ಬಾಡಿಗೆ ಕಟ್ಟುತ್ತಾ, ಸ್ವಿಸ್ ಕಡೆ ಮತ್ತೊಂದು ಮನೆ ಹುಡುಕಬೇಕಾಯಿತು. ಕೆಲವು ಅಗ್ರಿಮೆಂಟ್‌ಗಳಲ್ಲಿ ಇಂತಿಷ್ಟು ಕಾಲ ಮನೆ ಬಿಡುವಂತಿಲ್ಲ ಎಂಬ ಷರತ್ತೂ ಇರುತ್ತದೆ. ಅದು 4 ವರ್ಷದವರೆಗೂ ನಡೆಯುತ್ತದೆ. ಜರ್ಮನ್ ಅರ್ಥವಾಗದಿದ್ದರೆ ಗೊತ್ತಿರುವವರ ಕೈಯಲ್ಲಿ ಓದಿಸಿ, ಆಮೇಲೆ ಸಹಿ ಹಾಕಿ. ದಯವಿಟ್ಟು.

ಉಲ್ಟಾ ದಾರಿಯಲ್ಲಿ ಬರುವವರೂ ಇದ್ದಾರೆ. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಇದೆ, ಸೇತುವೆ ಆಚೆ ಸ್ವಿಸ್ ಕೆಲಸ ಸಿಕ್ಕಿದೆ, ದಿನಾ ಹೋಗಿ ಬಂದರಾಯಿತು ಎನ್ನುವವರು. ಇದಕ್ಕೆ ಬೇಕಾದದ್ದು ಗಡಿ ದಾಟಿ ದುಡಿಯುವವರ ಜಿ ಪರ್ಮಿಟ್. ಯುರೋಪಿನವರಿಗೆ ಅದು ಸಲೀಸು. ನಮಗೆ ಬೇಕೆಂದರೆ ಜರ್ಮನಿಯಲ್ಲಿ ಶಾಶ್ವತ ವಾಸದ ಹಕ್ಕು ಸಿಕ್ಕಿರಬೇಕು. ಗಡಿ ವಲಯದಲ್ಲಿ ಕನಿಷ್ಠ 6 ತಿಂಗಳು ವಾಸವಿರಬೇಕು. ಬ್ಲೂ ಕಾರ್ಡ್ ಶಾಶ್ವತ ವಾಸ ಅಲ್ಲ. ಇದನ್ನು ಕಂಪನಿಯ ಎಚ್‌ಆರ್‌ನವರೇ ಗಮನಿಸದೆ ಆಫರ್ ಕೊಡುವುದುಂಟು. ನೀವು ಅದನ್ನು ನಂಬಿ ಇರುವ ಕೆಲಸಕ್ಕೆ ರಾಜೀನಾಮೆ ಕೊಟ್ಟರೆ ಬ್ಲೂ ಕಾರ್ಡಿಗೂ ಸಂಚಕಾರ.

ಜಿ ಪರ್ಮಿಟ್ ಸಿಕ್ಕಿದ ಮೇಲೂ ಲೆಕ್ಕ ಹಾಕಿ. ಸ್ವಿಸ್ ಕಡೆ ಸಂಬಳದಲ್ಲಿ ಹಿಡಿಯುವ ತೆರಿಗೆ ಹೆಚ್ಚೆಂದರೆ ಶೇ 4.5. ಅದನ್ನು ನೋಡಿ ಖುಷಿಪಡಬೇಡಿ. ನೀವು ವಾಸವಿರುವುದು ಜರ್ಮನಿಯಲ್ಲಿ, ಹಾಗಾಗಿ ಅಲ್ಲಿನ ದರದಲ್ಲಿ ತೆರಿಗೆ ಕಟ್ಟಲೇಬೇಕು. ಈ ಶೇ 4.5 ಅದರಲ್ಲಿ ವಜಾ ಆಗುತ್ತದೆ, ಅಷ್ಟೇ.

ಯಾವ ಕಡೆ ಒಳ್ಳೆಯದು ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಸಂಬಳ, ರೈಲು, ಕಚೇರಿಯ ಕೆಲಸದ ಚುರುಕು, ಇವುಗಳಲ್ಲಿ ಸ್ವಿಸ್ ಮುಂದೆ. ಆದರೆ ಹೊಸದಾಗಿ ಬರುವ ನಮ್ಮವರಿಗೆ ಜರ್ಮನಿಯೇ ವಾಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬ್ಲೂ ಕಾರ್ಡ್ ಇದ್ದವರು ಬಿ1 ಮಟ್ಟದ (ದಿನಬಳಕೆಗೆ ಸಾಕಾಗುವಷ್ಟು) ಜರ್ಮನ್ ಕಲಿತರೆ 21 ತಿಂಗಳಲ್ಲಿ, ಇಲ್ಲದಿದ್ದರೆ 27 ತಿಂಗಳಲ್ಲಿ ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು. ಸ್ವಿಸ್ ಶಾಶ್ವತ ವಾಸದ ಸಿ ಪರ್ಮಿಟ್‌ಗೆ ಭಾರತೀಯರು ಸಾಮಾನ್ಯವಾಗಿ 10 ವರ್ಷ ಕಾಯಬೇಕು. ಭಾಷೆ ಚೆನ್ನಾಗಿ ಬಂದು ಇಲ್ಲಿನ ಬದುಕಿಗೆ ಹೊಂದಿಕೊಂಡವರಿಗೆ 5 ವರ್ಷಕ್ಕೆ ಸಿಗುವ ದಾರಿ ಇದೆ. ಮೊದಲು ಜರ್ಮನಿಯಲ್ಲಿ ಶಾಶ್ವತ ವಾಸ ಮಾಡಿಕೊಂಡು ಆಮೇಲೆ ಸ್ವಿಸ್ ಕೆಲಸ ಹುಡುಕಿದವರನ್ನು ನೋಡಿದ್ದೇನೆ. ನೆಮ್ಮದಿಯಾಗಿದ್ದಾರೆ.

ಎರಡು ದೇಶದ ಲೆಕ್ಕ ಒಂದೇ ಇರುತ್ತದೆ ಎಂದುಕೊಳ್ಳುವವರಿಗೆ ಲೌಫೆನ್‌ಬುರ್ಗ್‌ನ ಹೊಸ ಸೇತುವೆಯ ಕಥೆ ಹೇಳುತ್ತೇನೆ. ಜರ್ಮನಿ ಎತ್ತರ ಅಳೆಯುವುದು ಉತ್ತರ ಸಮುದ್ರದ ಮಟ್ಟದಿಂದ, ಸ್ವಿಟ್ಜರ್ಲೆಂಡ್ ಮೆಡಿಟರೇನಿಯನ್ ಸಮುದ್ರದ ಮಟ್ಟದಿಂದ. ನಡುವೆ 27 ಸೆಂಟಿಮೀಟರ್ ವ್ಯತ್ಯಾಸ. ಇದು ಎಂಜಿನಿಯರುಗಳಿಗೆ ಗೊತ್ತೂ ಇತ್ತು. ಆದರೆ ಕಳೆಯಬೇಕಾದಲ್ಲಿ ಕೂಡಿಬಿಟ್ಟರು. 2003ರಲ್ಲಿ ನೋಡಿದರೆ ಎರಡು ಬದಿಯ ನಡುವೆ 54 ಸೆಂಟಿಮೀಟರ್ ಅಂತರ! ಕೊನೆಗೆ ಜರ್ಮನಿ ಕಡೆ ಸರಿ ಮಾಡಿ ಸೇತುವೆ ಮುಗಿಸಿದರು.

ಉಳಿದವು ಸಣ್ಣಪುಟ್ಟವು. ವಿಳಾಸದಲ್ಲಿ ಪಿನ್‌ಕೋಡ್ ನೋಡಿ: ಸ್ವಿಸ್‌ನದು ನಾಲ್ಕು ಅಂಕಿ, ಜರ್ಮನಿಯದು ಐದು. ಲೌಫೆನ್‌ಬುರ್ಗ್ 5080 ಅಂದರೆ ಸ್ವಿಸ್, 79725 ಅಂದರೆ ಜರ್ಮನಿ. ರೈಲು ಟಿಕೆಟ್ ತೆಗೆಯುವಾಗ ಊರ ಹೆಸರಿನ ನಂತರ "ಬಾಡೆನ್" ಎಂದಿದ್ದರೆ ಅದು ಜರ್ಮನಿಯ ನಿಲ್ದಾಣ. ನದಿ ಪಕ್ಕದ ಮನೆಯಲ್ಲಿ ಫೋನು ಆಚೆ ದಡದ ಟವರ್ ಹಿಡಿಯುತ್ತದೆ. ಯುರೋಪಿಯನ್ ಯೂನಿಯನ್‌ನ ಉಚಿತ ರೋಮಿಂಗ್ ನಿಯಮ ಸ್ವಿಟ್ಜರ್ಲೆಂಡಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಡೇಟಾ ರೋಮಿಂಗ್ ಆಫ್ ಮಾಡಿಟ್ಟುಕೊಳ್ಳಿ. ಜರ್ಮನಿಯಿಂದ ಸಾಮಾನು ತರುವಾಗ 2025ರಿಂದ ತಲೆಗೆ 150 ಫ್ರಾಂಕ್ ದಾಟಿದರೆ ಸ್ವಿಸ್ ತೆರಿಗೆ ಇದೆ. ಮಾಂಸ ತಲೆಗೆ ಒಂದು ಕಿಲೋ ಮಾತ್ರ.

ಅಪ್ಪ ಅಮ್ಮ ಬಂದಾಗ ಸಂಜೆ ಸೇತುವೆ ದಾಟಿ ವಾಕಿಂಗ್ ಹೋಗಲು ಅವರ ಷೆಂಗೆನ್ ವೀಸಾ ಸಾಕು. ಆದರೆ ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. 2023ರ ಅಕ್ಟೋಬರ್‌ನಲ್ಲಿ ಜರ್ಮನಿ ಈ ಗಡಿಯಲ್ಲಿ ಮತ್ತೆ ತಪಾಸಣೆ ಶುರು ಮಾಡಿತು.