85 ಒತ್ತಿದೆ, 8.5 ಆಯಿತು

ಹೀಟರ್ ಇರುವ ಯಂತ್ರ. 85 ಡಿಗ್ರಿಗೆ ಸೆಟ್ ಮಾಡಬೇಕಿತ್ತು. ಟಚ್ ಪ್ಯಾನೆಲ್‌ನಲ್ಲಿ ಟೆಂಪರೇಚರ್ ಚೌಕ ಮುಟ್ಟಿದೆ, ಕೀಪ್ಯಾಡ್ ಬಂತು. 8, 5, ಎಂಟರ್. ಕೀಪ್ಯಾಡ್ ಮುಚ್ಚಿತು, ನಾನು ಬೇರೆ ಕೆಲಸಕ್ಕೆ ಹೋದೆ. ಅರ್ಧ ಗಂಟೆಯಾದರೂ ಬಿಸಿ ಏರಲಿಲ್ಲ. ಹೀಟರ್ ಕೈಕೊಟ್ಟಿದೆ ಅಂದುಕೊಂಡು ವೈರಿಂಗ್ ಎಲ್ಲ ನೋಡಿದೆ. ಕೊನೆಗೆ ಪ್ಯಾನೆಲ್ ಕಡೆ ಕಣ್ಣು ಹಾಯಿಸಿದರೆ ಚೌಕದಲ್ಲಿ 8.5 ಇತ್ತು!

ಕಾರಣ ಇಷ್ಟೇ. ಯಂತ್ರವನ್ನು ನಡೆಸುವುದು ಪಿಎಲ್‌ಸಿ ಅನ್ನುವ ಪುಟ್ಟ ಕಂಪ್ಯೂಟರ್. ಇಲ್ಲಿ ಅದರ ರಿಜಿಸ್ಟರ್‌ನಲ್ಲಿ, ಅಂದರೆ ಅಂಕಿ ಇಡುವ ಜಾಗದಲ್ಲಿ, ಪೂರ್ಣಾಂಕ ಮಾತ್ರ ಕೂರುತ್ತದೆ. 85.0 ಬೇಕಾದರೆ ಒಳಗೆ 850 ಇರಬೇಕು. ಪ್ಯಾನೆಲ್ ಸುಮ್ನೆ ಕೊನೆಯ ಅಂಕಿಗೆ ಮೊದಲು ಒಂದು ಚುಕ್ಕಿ ಇಟ್ಟು ತೋರಿಸುತ್ತದೆ. ಅಲ್ಲಿ 850 ಅಂತಲೇ ಒತ್ತಬೇಕಿತ್ತು. ಇನ್ನೊಂದು ಯಂತ್ರದಲ್ಲಿ 85 ಒತ್ತಿದರೆ ಸರಿಯಾಗಿ 85.0 ಆಗುತ್ತದೆ. ಸ್ಕ್ರೀನ್ ಮಾಡಿದವರು ಹೇಗೆ ಸೆಟ್ ಮಾಡಿದ್ದಾರೋ ಹಾಗೆ. ಹೊರಗಿನಿಂದ ನೋಡಿದರೆ ಎರಡು ಕೀಪ್ಯಾಡೂ ಒಂದೇ ಥರ, ಅದೇ ಕಷ್ಟ.

ಈಗ ಹೊಸ ಪ್ಯಾನೆಲ್ ಮುಟ್ಟುವ ಮೊದಲು ಹಳೆಯ ಅಂಕಿಯನ್ನು ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಸ್ವಲ್ಪವೇ ಬದಲಿಸುತ್ತೇನೆ, 80.0 ಇದ್ದರೆ 80.5. ಚುಕ್ಕಿ ಎಲ್ಲಿ ಬೀಳುತ್ತದೆ ಅಂತ ಗೊತ್ತಾದ ಮೇಲೆ ಬೇಕಾದ ಅಂಕಿ. ಒತ್ತುವಾಗ ತಪ್ಪಿದರೆ ಕ್ಲಿಯರ್, ಅನುಮಾನ ಬಂದರೆ ಎಸ್ಕೇಪ್. ಎಂಟರ್ ಕೊಡುವ ತನಕ ಹಳೆಯ ಅಂಕಿಗೆ ಏನೂ ಆಗುವುದಿಲ್ಲ. ಎಂಟರ್ ಕೊಟ್ಟ ಮೇಲೆ ಚೌಕದಲ್ಲಿ ಏನು ಕೂತಿದೆ ಅಂತ ಓದದೆ ಅಲ್ಲಿಂದ ಕದಲುವುದಿಲ್ಲ.

5 ಒತ್ತಿದರೆ ಪಕ್ಕದ 6 ಬರುತ್ತಿದೆಯಾ? ರೆಸಿಸ್ಟಿವ್ ಟಚ್ (ಒತ್ತಿದ ಒತ್ತಡದಿಂದ ಕೆಲಸ ಮಾಡುವ ಪರದೆ) ಆದರೆ ಒಮ್ಮೆ ಕ್ಯಾಲಿಬ್ರೇಷನ್ ಮಾಡಿ, ಅಂದರೆ ಬೆರಳು ಒತ್ತಿದ ಜಾಗವನ್ನೇ ಪ್ಯಾನೆಲ್ ಗುರುತಿಸುವಂತೆ ಸರಿಹೊಂದಿಸಿ. ಇದರಲ್ಲಿ ಗ್ಲೌಸ್ ಹಾಕಿಕೊಂಡೂ ಒತ್ತಬಹುದು. ಆದರೆ ಬೆರಳನ್ನು ಅಡ್ಡ ಮಲಗಿಸಬೇಡಿ, ತುದಿಯಿಂದ ಒಂದೇ ಕಡೆ ಒತ್ತಿ. ಸ್ಕ್ರೂಡ್ರೈವರ್ ತುದಿಯಂತೂ ಬೇಡವೇ ಬೇಡ, ಮೇಲಿನ ಹಾಳೆ ಹರಿಯುತ್ತದೆ.

ಸ್ಕ್ರೀನ್ ಮಾಡುವವರಿಗೆ ಒಂದು ಮಾತು. ಗರಿಷ್ಠ ಮಿತಿ ಎಲ್ಲರೂ ಹಾಕುತ್ತಾರೆ, ಕನಿಷ್ಠವನ್ನು ಸೊನ್ನೆಗೇ ಬಿಟ್ಟುಬಿಡುತ್ತಾರೆ. 8.5 ಒಳಗೆ ನುಗ್ಗಿದ್ದು ಹಾಗೇ ಅಲ್ವಾ? ಆ ಯಂತ್ರದಲ್ಲಿ 40.0ರಿಂದ 120.0 ಅಂತ ಮಿತಿ ಹಾಕಿದೆ, ಅದು ಕೀಪ್ಯಾಡಿನ ಮೇಲೇ ಕಾಣುವಂತೆಯೂ ಮಾಡಿದೆ. ಈಗ ಅಲ್ಲಿ ಯಾರಾದರೂ ಬರೀ 85 ಒತ್ತಿದರೆ ಪ್ಯಾನೆಲ್ ತೆಗೆದುಕೊಳ್ಳುವುದಿಲ್ಲ, ಹಳೆಯ ಅಂಕಿ ಹಾಗೇ ಉಳಿಯುತ್ತದೆ.