ಬೂಟಿಗೆ ಒಗ್ಗರಣೆ ಹಾಕಬೇಡಿ

ಹೋದ ಮಳೆಗಾಲದಲ್ಲಿ ನಮ್ಮ ಭಾವ ಬೆಂಗಳೂರಿನ ಡ್ಯೂಟಿ ಮುಗಿಸಿ ತುಮಕೂರು ಸ್ಟೇಷನ್ನಿನಲ್ಲಿ ರೈಲಿಳಿದು ಮನೆ ಸೇರುವಷ್ಟರಲ್ಲಿ ಬೂಟು ತೊಯ್ದು ತೊಪ್ಪೆಯಾಗಿತ್ತು. ಬೆಳಿಗ್ಗೆ ಮತ್ತೆ ಅದೇ ರೈಲು ಹಿಡಿಯಬೇಕಲ್ಲ, ರಾತ್ರಿಯಿಡೀ ಬಚ್ಚಲ ಒಲೆಯ ಮಗ್ಗುಲಲ್ಲಿಟ್ಟರು. ಬೆಳಿಗ್ಗೆ ನೋಡಿದರೆ ಬೂಟು ಸುಟ್ಟ ಹಪ್ಪಳದ ಹಾಗೆ ಸೆಟೆದು ಕೂತಿದೆ. ಮೆತ್ತಗಾಗಲಿ ಅಂತ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಬಾಟಲಿಯಿಂದಲೇ ಸುರಿದರು. ವಾರದೊಳಗೆ ಅಟ್ಟೆ ಬಿಟ್ಟುಕೊಂಡಿತು. ಎಂ.ಜಿ. ರಸ್ತೆಯಲ್ಲಿ ಚಪ್ಪಲಿ ಹೊಲಿಯುವ ಯಜಮಾನರ ಮುಂದಿಟ್ಟಾಗ ಅವರು ಹೆಬ್ಬೆರಳಲ್ಲಿ ಒತ್ತಿ ನೋಡಿ, ಬೆರಳನ್ನು ಮೂಸಿ, "ಏನ್ ಸಾರ್, ಬೂಟಿಗೆ ಒಗ್ಗರಣೆ ಹಾಕ್ಬಿಟ್ಟಿದೀರಾ?" ಅಂದರು.

ಭಾವನೊಬ್ಬರ ಕಥೆಯಲ್ಲ ಇದು. ನಮ್ಮ ಮನೆಗಳಲ್ಲಿ ಚರ್ಮದ ಸಾಮಾನು ಕೊಳೆಯಿಂದ ಹಾಳಾಗುವುದು ಕಡಿಮೆ, ಉಪಚಾರದಿಂದ ಹಾಳಾಗುವುದೇ ಹೆಚ್ಚು.

ಮೊದಲು, ಯಾವ ಚರ್ಮ ಅಂತ ನೋಡಿ

ಬ್ಯಾಗು, ಬೆಲ್ಟು, ಬೂಟಿನ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಬಟ್ಟೆಯ ನೇಯ್ಗೆ ಕಂಡರೆ ಅದು ರೆಕ್ಸಿನ್. ಅಂಗಡಿಯವರು 'ಪ್ಯೂರ್ ಲೆದರ್' ಅಂತ ಸೀಲು ಒತ್ತಿಕೊಟ್ಟಿದ್ದರೂ ಅದು ರೆಕ್ಸಿನ್ನೇ. ಒದ್ದೆ ಬಟ್ಟೆಯಲ್ಲಿ ಒರೆಸಿ ಸುಮ್ಮನಾಗಿ. ಸಿಪ್ಪೆ ಏಳಲು ಶುರುವಾದ ರೆಕ್ಸಿನ್ನಿಗೆ ಯಾವ ಕ್ರೀಮೂ ಮದ್ದಲ್ಲ, ಗಾಳಿಯ ತೇವಕ್ಕೇ ಅದರ ಮೇಲ್ಪದರ ಒಳಗೊಳಗೇ ಮುರಿದುಹೋಗಿರುತ್ತದೆ.

ಅಂಚಿನಲ್ಲಿ ನಾರುನಾರಾಗಿ ಕಂಡರೆ ನಿಜವಾದ ಚರ್ಮ. ನಾರು ನೀಲಿ ಮಿಶ್ರಿತ ಬೂದು ಬಣ್ಣಕ್ಕಿದ್ದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಈಗಿನ ಬೂಟು, ಜಾಕೆಟ್ಟು, ಸೋಫಾಗಳಲ್ಲಿ ಹೆಚ್ಚಿನವು ಇವೇ. ಕಂದು ಬಣ್ಣಕ್ಕಿದ್ದರೆ ಮರದ ತೊಗಟೆಯಲ್ಲಿ ಹದ ಮಾಡಿದ್ದಿರಬಹುದು. ಪಾವಗಡ, ಮಧುಗಿರಿ, ಕೋಲಾರದ ಕಡೆ ರಸ್ತೆ ಪಕ್ಕ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ ತಂಗಡಿ ಗಿಡ, ದಕ್ಷಿಣ ಭಾರತದಲ್ಲಿ ಹಿಂದೆ ಚರ್ಮ ಹದ ಮಾಡುತ್ತಿದ್ದುದು ಹೆಚ್ಚಾಗಿ ಅದರ ಚಕ್ಕೆಯಿಂದಲೇ. ಆಫ್ರಿಕಾದಿಂದ ವಾಟಲ್ ಮರದ ತೊಗಟೆ ಬಂದಮೇಲೆ ತಂಗಡಿಯನ್ನು ಕೇಳುವವರಿಲ್ಲ. ಈ ಬಗೆಯ ಚರ್ಮ ನೀರನ್ನು ಬೇಗ ಹೀರುತ್ತದೆ, ಕಲೆ ಹಿಡಿಯುತ್ತದೆ, ಬಿಸಿ ತಗುಲಿದರೆ ಕ್ರೋಮ್ ಚರ್ಮಕ್ಕಿಂತ ಮೊದಲೇ ಮುದುಡುತ್ತದೆ.

ಕಾಣದ ಜಾಗದಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಕೆಸುವಿನೆಲೆ ಮೇಲಿನಂತೆ ನಿಂತರೆ ಮೇಲೆ ಬಣ್ಣದ ಪದರ ಇದೆ, ಸ್ವಲ್ಪ ಧೈರ್ಯವಾಗಿ ಒರೆಸಬಹುದು. ಇಂಗಿ ಕಪ್ಪಾದರೆ ಮುಂದಿನ ಪ್ರತಿ ಹೆಜ್ಜೆಯಲ್ಲೂ ಕೈ ಹಿಡಿತವಿರಲಿ.

ಕೊಳೆ ತೆಗೆಯುವುದು

ಒಣ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ, ಹೊಲಿಗೆ ಸಂದಿಯನ್ನೂ ಬಿಡದೆ. ಹಿಂಡಿದ ಹತ್ತಿ ಬಟ್ಟೆಯಲ್ಲಿ ಒರೆಸಿ. ಜಿಡ್ಡು ಇದ್ದರೆ ಮಾತ್ರ ಚರ್ಮಕ್ಕೆಂದೇ ಮಾಡಿದ ಸ್ಯಾಡಲ್ ಸೋಪಿನ ನೊರೆ, ಆಮೇಲೆ ಬೇರೆ ಒದ್ದೆ ಬಟ್ಟೆಯಲ್ಲಿ ನೊರೆಯೆಲ್ಲ ತೆಗೆಯಬೇಕು. ಅಷ್ಟೇ.

ಬಟ್ಟೆ ಸೋಪು, ಪಾತ್ರೆ ತೊಳೆಯುವ ಪುಡಿ, ಅಡುಗೆ ಸೋಡಾ ಬೇಡ. ಚರ್ಮದ ಗುಣ ತುಸು ಆಮ್ಲದ್ದು, ಇವೆಲ್ಲ ಕ್ಷಾರ. ಪೆನ್ನಿನ ಕಲೆಗೆ ನೇಲ್ ಪಾಲಿಶ್ ರಿಮೂವರ್ ಹಚ್ಚಿ ಕಲೆಯ ಜೊತೆ ಬ್ಯಾಗಿನ ಬಣ್ಣವನ್ನೂ ಕಳೆದವರನ್ನು ನೋಡಿದ್ದೇನೆ. ಕೊರೊನಾ ಕಾಲದಲ್ಲಿ ಸ್ಯಾನಿಟೈಸರ್ ಹಚ್ಚಿದ ಕೈಯಲ್ಲೇ ಹಿಡಿದು ಹಿಡಿದು ನನ್ನ ಬ್ಯಾಗಿನ ಹಿಡಿಕೆಯೂ ಹಾಗೇ ಬೋಳಾಯಿತು. ಪೆನ್ನಿನ ಗೀರು ಇದ್ದರೆ ಇರಲಿ ಬಿಡಿ.

ಒಣಗಿಸುವುದು

ತೊಯ್ದ ಚರ್ಮಕ್ಕೆ ಬೆಂಕಿ, ಬಿಸಿಲು, ಹೇರ್ ಡ್ರೈಯರ್ ಮೂರೂ ವೈರಿ. ಒದ್ದೆ ಇರುವಾಗ ಬಿಸಿ ತಗುಲಿದರೆ ನಾರುಗಳು ಕುಗ್ಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಭಾವನ ಬೂಟು ಕೆಟ್ಟಿದ್ದು ಎಣ್ಣೆಗೂ ಮೊದಲು, ಇಲ್ಲೇ.

ಬೂಟಿನ ಲೇಸು ಬಿಚ್ಚಿ, ಒಳಗಿನ ಮೆತ್ತೆ ಹೊರಗೆ ತೆಗೆದು, ನಾಲಿಗೆ ಮುಂದಕ್ಕೆ ಎಳೆದು, ಹಳೇ ಪೇಪರು ತುರುಕಿ. ಒಂದು ಗಂಟೆಗೆ ಅದನ್ನು ತೆಗೆದು ಹೊಸದು ಹಾಕಿ, ಮಲಗುವ ಮುಂಚೆ ಇನ್ನೊಮ್ಮೆ. ಒಮ್ಮೆ ತುರುಕಿ ಮರೆತರೆ ಆ ಒದ್ದೆ ಪೇಪರೇ ಬೂಷ್ಟು ಹಿಡಿಯುವ ಗೂಡು. ತಿಳಿ ಬಣ್ಣದ ಬ್ಯಾಗಿಗೆ ಮಾತ್ರ ಅಚ್ಚಾದ ಕಾಗದ ಬೇಡ, ಹಳೇ ಪಂಚೆ ತುಂಡು ಸಾಕು. ಫ್ಯಾನಿನ ಗಾಳಿಯಲ್ಲಿ, ನೆರಳಲ್ಲಿ, ಎರಡು ದಿನ. ಮಾರನೇ ದಿನಕ್ಕೆ ಬೇರೆ ಚಪ್ಪಲಿ ಇಲ್ಲವೇ ಅಂತ ನಾನು ಭಾವನನ್ನು ಕೇಳಿದೆ. ಇತ್ತಂತೆ.

ಎಣ್ಣೆ ಕೊಡುವುದು, ಎಲ್ಲರೂ ಎಡವುವುದು ಇಲ್ಲೇ

ಚರ್ಮ ಹದ ಮಾಡುವಾಗಲೇ ಅದರ ನಾರುಗಳ ನಡುವೆ ಎಣ್ಣೆ ಸೇರಿಸಿರುತ್ತಾರೆ. ಗಾಡಿಯ ಚೈನಿಗೆ ಎಣ್ಣೆ ಬಿಟ್ಟ ಹಾಗೆ, ನಾರು ನಾರಿನ ಮೇಲೆ ಜಾರಲಿ ಅಂತ. ತೊಯ್ದು ಒಣಗಿದಾಗ, ವರ್ಷಗಟ್ಟಲೆ ಬಳಸಿದಾಗ ಅದು ಕಡಿಮೆಯಾಗುತ್ತದೆ. ಕಡಿಮೆಯಾದಷ್ಟನ್ನು ಮಾತ್ರ ಮರಳಿ ಕೊಡುವುದು ನಮ್ಮ ಕೆಲಸ. ಹೆಚ್ಚು ಕೊಟ್ಟರೆ ಚರ್ಮ ಜೋಲು ಬೀಳುತ್ತದೆ, ಬಣ್ಣ ಕಪ್ಪಾಗುತ್ತದೆ, ಎಣ್ಣೆ ಅಂಟಿನ ಪದರಕ್ಕೆ ಇಳಿದು ಅಟ್ಟೆ ಬಾಯಿ ಬಿಡುತ್ತದೆ.

ಯಾವ ಎಣ್ಣೆ? ಜೇನುಮೇಣ ಅಥವಾ ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ಇರುವ, ಬಣ್ಣವಿಲ್ಲದ ಲೆದರ್ ಕ್ರೀಮ್ ಯಾವುದಾದರೂ ಸರಿ. ನಾನು ಮನೆಯಲ್ಲೇ ಮಾಡಿಕೊಳ್ಳುತ್ತೇನೆ: ತೂಕದಲ್ಲಿ 1 ಪಾಲು ಜೇನುಮೇಣ, 4 ಪಾಲು ಹರಳೆಣ್ಣೆ. ಬಿಸಿನೀರಿನ ಪಾತ್ರೆಯೊಳಗೆ ಚಿಕ್ಕ ಬಟ್ಟಲಿಟ್ಟು ಕರಗಿಸಿ, ಇಳಿಸಿ, ತಣಿಯುವವರೆಗೆ ಕಲಕಬೇಕು. ಬಟ್ಟಲನ್ನು ನೇರ ಉರಿಯ ಮೇಲೆ ಇಡಬಾರದು. ಹರಳೆಣ್ಣೆಯ ಬುದ್ಧಿ ನನ್ನದಲ್ಲ, ನಮ್ಮ ತಾತನದು. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಬಾವಿಯ ತೊಗಲಿನ ಚೀಲಕ್ಕೆ ಅವರು ಸವರುತ್ತಿದ್ದುದು ಅದನ್ನೇ. ಆದರೆ ಇದು ಬಣ್ಣವನ್ನು ಒಂದು ಪಟ್ಟು ಗಾಢ ಮಾಡುತ್ತದೆ, ತಿಳಿ ಬಣ್ಣದ ಸಾಮಾನಿಗೆ ಬೇಡ.

ಕೊಬ್ಬರಿ ಎಣ್ಣೆ ಯಾಕೆ ಬೇಡ? ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಬೂಟಿನೊಳಗೆ ಮಾತ್ರ ನೀರಾಗಿ ಇರುತ್ತದೆಯೇ? ತೆಳ್ಳಗಿರುವಾಗ ಬೇಡದ ಕಡೆಗೆಲ್ಲ ಹರಿದು ಹೋಗುವುದೂ ಅದೇ.

ಹಚ್ಚುವ ಕ್ರಮ ಹೀಗೆ. ಚರ್ಮ ಪೂರ್ತಿ ಒಣಗಿರಬೇಕು. ತುಸು ತೇವ ಇರುವಾಗಲೇ ಹಚ್ಚಬೇಕು ಅನ್ನುವವರೂ ಇದ್ದಾರೆ. ಹೊಸಬರಿಗೆ ಆ ಹದ ಸಿಗುವುದಿಲ್ಲ, ಕಾಯಿರಿ. ಬೂಟಿನ ನಾಲಿಗೆಯ ಒಳಮಗ್ಗುಲಿಗೋ ಬ್ಯಾಗಿನ ತಳಕ್ಕೋ ಒಂದು ಚೂರು ಸವರಿ, ಒಂದು ರಾತ್ರಿ ಬಿಟ್ಟು ಬಣ್ಣ ನೋಡಿ. ಒಪ್ಪಿಗೆಯಾದರೆ ಮುಂದಕ್ಕೆ ಹೋಗಿ.

ಒಂದು ಬೂಟಿಗೆ ಅರ್ಧ ಕಡಲೆಕಾಳಿನಷ್ಟು ಕ್ರೀಮು. ಓದಿದವರೆಲ್ಲ ಇಲ್ಲಿ ನಗುತ್ತೀರಿ, ಇಷ್ಟರಲ್ಲಿ ಏನಾಗುತ್ತದೆ ಅಂತ. ಆಗುತ್ತದೆ. ಅದನ್ನು ಚರ್ಮದ ಮೇಲೆ ಇಡಬೇಡಿ, ಇಟ್ಟ ಕಡೆ ದುಂಡನೆಯ ಕಲೆ ನಿಲ್ಲುತ್ತದೆ. ಹತ್ತಿ ಬಟ್ಟೆಯನ್ನು ಎರಡು ಬೆರಳಿಗೆ ಬಿಗಿಯಾಗಿ ಸುತ್ತಿ, ಕ್ರೀಮು ಅದಕ್ಕೆ ಮುಟ್ಟಿಸಿ, ಅಂಗೈ ಮೇಲೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಮೊದಲು ಕಾಲು ಮಡಿಚುವಲ್ಲಿ ಗೆರೆ ಬೀಳುವ ಜಾಗಕ್ಕೆ. ಬೂಟನ್ನು ಕೈಯಲ್ಲಿ ಸ್ವಲ್ಪ ಬಗ್ಗಿಸಿ, ಗೆರೆ ತೆರೆದುಕೊಂಡಾಗ ಸವರಿ. ಆಮೇಲೆ ಹಿಮ್ಮಡಿ, ಪಕ್ಕಗಳು. ಮೂತಿಗೆ ಕೊನೆಯಲ್ಲಿ, ಬಟ್ಟೆಯಲ್ಲಿ ಉಳಿದಿದ್ದು ಸಾಕು. ಅಟ್ಟೆ ಸೇರುವ ಅಂಚಿಗೆ ಹೋಗಲೇಬೇಡಿ. ನೋಡಿದರೆ ಹಚ್ಚಿದಿರೋ ಇಲ್ಲವೋ ಅಂತ ಅನುಮಾನ ಬರುವಷ್ಟು ತೆಳುವಾಗಿರಬೇಕು.

ರಾತ್ರಿ ಬಿಡಿ. ಬೆಳಿಗ್ಗೆ ಒಣಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಜಿಡ್ಡಾದರೆ ಹೆಚ್ಚು ಹಚ್ಚಿದ್ದೀರಿ. ಬಟ್ಟೆ ಶುದ್ಧವಾಗಿದ್ದು, ಗೆರೆಗಳು ಇನ್ನೂ ಬೆಳ್ಳಗೆ ಒಣಗಿ ಕಂಡರೆ ಮಾತ್ರ ಎರಡನೇ ಸಲ, ಆ ಗೆರೆಗಳಿಗಷ್ಟೇ. ಪಾಲಿಶ್ ಇದಾದ ಮೇಲೆ. ಡಬ್ಬಿ ಪಾಲಿಶ್ ಅಂದರೆ ಮೇಣ, ಬಣ್ಣ, ಟರ್ಪೆಂಟೈನಿನಂಥ ದ್ರಾವಣ. ಹೊಳಪು ಕೊಡುತ್ತದೆ, ಒಣಗಿದ ಚರ್ಮವನ್ನು ಮೆತ್ತಗೆ ಮಾಡುವುದಿಲ್ಲ. ಒಂದೇ ಉಜ್ಜಿಗೆ ಕನ್ನಡಿಯಂತೆ ಮಿಂಚಿಸುವ ಸ್ಪಂಜುಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಲಿಕೋನ್ ಎಣ್ಣೆ. ಮದುವೆಗೆ ಹೊರಡುವಾಗ ಅವಸರಕ್ಕೆ ಸರಿ. ದಿನಾ ಉಜ್ಜಿದರೆ ಪದರ ಕಟ್ಟಿಕೊಂಡು ಆಮೇಲೆ ಹಚ್ಚಿದ ಕ್ರೀಮು ಒಳಗೆ ಇಳಿಯುವುದಿಲ್ಲ.

ದಿನಾ ಹಾಕುವ ಬೂಟಿಗೆ ಎರಡು ತಿಂಗಳಿಗೊಮ್ಮೆ, ಬ್ಯಾಗಿಗೆ ಮಳೆಗಾಲಕ್ಕೆ ಮೊದಲೊಮ್ಮೆ ಮುಗಿದ ಮೇಲೊಮ್ಮೆ, ಬೆಲ್ಟಿಗೆ ವರ್ಷಕ್ಕೊಮ್ಮೆ. ಈಗಾಗಲೇ ಸುರಿದುಬಿಟ್ಟಿದ್ದರೆ ಒರೆಸಿ, ಮೇಲೆ ಕಾರ್ನ್‌ಫ್ಲೋರ್ ಉದುರಿಸಿ ಒಂದು ದಿನ ಬಿಟ್ಟು ಕೊಡವಿ, ಎರಡು ಮೂರು ಸಲ ಹೀಗೆ. ಬಿಟ್ಟ ಅಟ್ಟೆಗೆ ಯಜಮಾನರೇ ಗತಿ.

ಈ ಮೇಲಿನದು ಯಾವುದೂ ಅನ್ವಯಿಸದವು

ಸ್ವೀಡ್, ಅಂದರೆ ಮೇಲ್ಮೈ ಜುಂಗುಜುಂಗಾಗಿರುವ ಚರ್ಮ. ಇದಕ್ಕೆ ಎಣ್ಣೆ, ಕ್ರೀಮು, ಪಾಲಿಶ್ ಯಾವುದೂ ಕೂಡದು. ಬ್ರಷ್ಷು, ಮಕ್ಕಳ ಬಿಳಿ ರಬ್ಬರು, ಜಿಡ್ಡಿನ ಕಲೆಗೆ ರಾತ್ರಿಯಿಡೀ ಕಾರ್ನ್‌ಫ್ಲೋರ್.

ಕನ್ನಡಿ ಹೊಳಪಿನ ಪೇಟೆಂಟ್ ಚರ್ಮಕ್ಕೆ ಒದ್ದೆ ಬಟ್ಟೆ ಸಾಕು. ಅಚ್ಚಾದ ಪೇಪರಿನಲ್ಲಿ ಸುತ್ತಿಟ್ಟರೆ ಶಾಯಿಯನ್ನು ಎಳೆದುಕೊಳ್ಳುತ್ತದೆ. ಸೋಫಾ, ಕಾರಿನ ಸೀಟಿಗೆ ಇರುವ ದೊಡ್ಡ ಕಂಟಕ ನಮ್ಮ ತಲೆಯೆಣ್ಣೆ. ತಲೆ ಒರಗುವಲ್ಲಿ ಟವೆಲ್ ಹಾಕುವ ಅಜ್ಜಿಯರ ಪದ್ಧತಿಗಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಕೊಲ್ಹಾಪುರಿ ಚಪ್ಪಲಿ ತೊಗಟೆಯಲ್ಲಿ ಹದ ಮಾಡಿದ್ದು. 2019ರಲ್ಲಿ ಬಂದ ಅದರ ಭೌಗೋಳಿಕ ಗುರುತಿನಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿವೆ. ಮಳೆಯಲ್ಲಿ ಅದನ್ನು ಹಾಕಿಕೊಂಡು ಹೋಗಿ ಬಂದು ಕ್ರೀಮು ಹುಡುಕಬೇಡಿ. ಮಳೆಯಲ್ಲಿ ಹಾಕಲೇಬೇಡಿ.

ಇನ್ನು ತಮಟೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ನಮ್ಮ ಬೀದಿಯ ಹುಡುಗರಿಗೂ ತಮಟೆಯ ಹುಚ್ಚು ಹತ್ತಿತು. ಒಬ್ಬ ಚರ್ಮದ ತಮಟೆ ತಂದು, ಸೀಳದಿರಲಿ ಅಂತ ನನ್ನ ಡಬ್ಬಿಯ ಕ್ರೀಮನ್ನೇ ಬಳಿದಿದ್ದ. ತಮಟೆಯ ತೊಗಲು ಹದ ಮಾಡಿದ್ದಲ್ಲ, ಹಸಿ ಚರ್ಮ ಬಿಗಿದು ಒಣಗಿಸಿದ್ದು. ಬಾರಿಸುವ ಮೊದಲು ಬೆಂಕಿಗೆ ಹಿಡಿಯುವುದು ಅದರ ತೇವ ಹೋಗಿ ಬಿಗಿಯಾಗಲಿ ಅಂತ. ಬೂಟಿಗೆ ಬೇಡದ ಬಿಗಿಯೇ ಅದಕ್ಕೆ ಪ್ರಾಣ. ಕ್ರೀಮು ಕುಡಿದ ತಮಟೆ ಹಳೇ ದಿಂಬು ಬಡಿದ ಹಾಗೆ ಸದ್ದು ಮಾಡಿತು.

ಬೀರುವಿನಿಂದ ತೆಗೆದಾಗ ಬೆಳ್ಳಗಿದ್ದರೆ

ಎಲ್ಲ ಬಿಳುಪೂ ಬೂಷ್ಟಲ್ಲ. ಒಣಗಿದ ಬ್ಯಾಗಿನ ಮೇಲೆ ಹೇರ್ ಡ್ರೈಯರನ್ನು ಒಂದಡಿ ದೂರದಿಂದ ಕೆಲವು ಕ್ಷಣ ಹಿಡಿಯಿರಿ, ಈ ಒಂದು ಕೆಲಸಕ್ಕೆ ಮಾತ್ರ ಅದಕ್ಕೆ ಪರವಾನಗಿ. ಬಿಳುಪು ಕರಗಿ ಮಾಯವಾದರೆ ಅದು ಚಳಿಗೆ ಮೇಲೆದ್ದ ಕೊಬ್ಬು. ಒಣಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಕರಗದೆ, ಮುಗ್ಗಲು ವಾಸನೆ ಹೊಡೆದರೆ ಬೂಷ್ಟು. ಮೂಗಿಗೆ ಬಟ್ಟೆ ಕಟ್ಟಿ, ಮನೆಯ ಹೊರಗೆ ಹೋಗಿ ಬ್ರಷ್ ಮಾಡಿ. ಸರ್ಜಿಕಲ್ ಸ್ಪಿರಿಟ್ಟಿಗೆ ಅಷ್ಟೇ ನೀರು ಸೇರಿಸಿ, ಕಾಣದ ಕಡೆ ಬಣ್ಣ ಬಿಡುವುದಿಲ್ಲ ಅಂತ ನೋಡಿಕೊಂಡು, ಅದರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒಮ್ಮೆ ಒರೆಸಿ. ನೆರಳಲ್ಲಿ ಎರಡು ದಿನ ಗಾಳಿಗಿಟ್ಟು ಆಮೇಲೆ ಕ್ರೀಮು. ಬೀರುವಿನ ಅದೇ ಖಾನೆಯನ್ನೂ ಒರೆಸದೆ ಮತ್ತೆ ಅಲ್ಲೇ ಇಟ್ಟರೆ ತಿಂಗಳಿಗೆ ಬೂಷ್ಟು ವಾಪಸ್ಸು.

ಇಡುವಾಗ ಪ್ಲಾಸ್ಟಿಕ್ ಕವರ್ ಬೇಡ. ಹಳೇ ಪಂಚೆಯಲ್ಲಿ ಹೊಲಿದ ಚೀಲ, ಒಳಗೆ ಬಟ್ಟೆ ತುಂಬಿ ಆಕಾರ ಕಾಪಾಡಿ. ನುಸಿ ಗುಳಿಗೆ ಚರ್ಮಕ್ಕೆ ತಾಗದಿರಲಿ. ಬೂಟಿನ ಡಬ್ಬದಲ್ಲಿ ಬಂದ ಸಿಲಿಕಾ ಪೊಟ್ಟಣವನ್ನು ಮೂರು ವರ್ಷ ಜೋಪಾನ ಮಾಡುವವರಿದ್ದಾರೆ, ಅದು ಮೊದಲ ಮಳೆಗಾಲದಲ್ಲೇ ಹೊಟ್ಟೆ ತುಂಬಿಸಿಕೊಂಡಿರುತ್ತದೆ.

ಭಾವ ಈಗ ಮಳೆ ಬಂದರೆ ರಬ್ಬರ್ ಚಪ್ಪಲಿ ಹಾಕಿ, ಬೂಟನ್ನು ಪಂಚೆ ಚೀಲದಲ್ಲಿ ಹಿಡಿದು ರೈಲು ಹತ್ತುತ್ತಾರೆ.