ಹೆಂಚಿನ ಮನೆಯ ಪಾಡ್‌ಕಾಸ್ಟ್: ಮಳೆ ಸದ್ದಿನ ಜೊತೆ ನನ್ನ ಮೂರು ಮಳೆಗಾಲ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಹಳೆಯ ಹೆಂಚಿನ ಮನೆ, ಅಂಗಳಕ್ಕೆ ಶೀಟು, ಸುತ್ತ ಅಡಿಕೆ ತೋಟ. ಇಲ್ಲಿ ಕೂತು ಮಳೆಗಾಲದಲ್ಲಿ ಪಾಡ್‌ಕಾಸ್ಟ್ ಮಾಡುತ್ತೇನೆ ಅಂದಾಗ ನಗದವರೇ ಇಲ್ಲ. ಬೆಂಗಳೂರಿನಲ್ಲಿ ಸೌಂಡ್ ಕೆಲಸ ಮಾಡುವ ಅಣ್ಣನ ಮಗನಂತೂ, "ಅಪ್ಪಚ್ಚಿ, ಮಳೆ ಬಿಟ್ಟ ಮೇಲೆ ಮಾಡಿ. ಇಲ್ಲದಿದ್ದರೆ ಸ್ಟುಡಿಯೋಗೆ ಹೋಗಿ" ಅಂತ ಒಂದೇ ಮಾತಿನಲ್ಲಿ ಮುಗಿಸಿದ.

ಮಳೆ ಬಿಟ್ಟ ಮೇಲೆ ಮಾತಾಡುವವರು ಎಲ್ಲಿ ಸಿಗುತ್ತಾರೆ ಮಾರಾಯ್ರೆ? ನನ್ನ ಕಂತುಗಳಲ್ಲಿ ಬರುವವರು ವೇಷವಿಲ್ಲದೆ ಕೂತು ಪಾತ್ರದ ಮಾತಾಡುವ ತಾಳಮದ್ದಳೆಯ ಅರ್ಥಧಾರಿಗಳು, ಯಕ್ಷಗಾನ ಮೇಳದಲ್ಲಿ ವೇಷ ಮಾಡುವವರು, ತೋಟದ ಹಿರಿಯರು. ಮೇ ಕೊನೆಯ ಪತ್ತನಾಜೆಗೆ ಮೇಳ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆಯೇ ಕಲಾವಿದರು ಮನೆಯಲ್ಲಿ ಇರುವುದು. ನವೆಂಬರ್ ಬಂತೆಂದರೆ ಅವರು ಮತ್ತೆ ತಿರುಗಾಟಕ್ಕೆ ಹೊರಟರು, ನಾವು ಅಡಿಕೆ ಕೊಯ್ಲಿಗೆ ಇಳಿದೆವು. ಅಂದರೆ ನನಗಿರುವುದು ಜೂನ್‌ನಿಂದ ಸೆಪ್ಟೆಂಬರ್. ಬೇರೆ ದಾರಿ ಇಲ್ಲ.

ಸ್ಟುಡಿಯೋವನ್ನೂ ನೋಡಿದೆ. ಮಂಗಳೂರಿನಲ್ಲಿ ಒಂದು ಕಡೆ ಗಂಟೆಗೆ ಸುಮಾರು 800 ರೂಪಾಯಿ. ಎಪ್ಪತ್ತೈದು ದಾಟಿದ ಹಿರಿಯರೊಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ತಲಪಾಡಿ ಗಡಿ ದಾಟಿ ಹೋದೆ. ಬಾಡಿಗೆ, ಊಟ, ಪೆಟ್ರೋಲ್ ಎಲ್ಲ ಸೇರಿ ಒಂದು ಕಂತಿಗೆ ಹತ್ತಿರ ಹತ್ತಿರ 4,000 ಆಯಿತು. ಗಾಜಿನ ಕೋಣೆ, ಹೆಡ್‌ಫೋನ್, ಎದುರಿಗೆ ದೊಡ್ಡ ಮೈಕ್ ನೋಡಿ ಅವರ ಬಾಯಿ ಕಟ್ಟಿಹೋಯಿತು. ಮನೆಯ ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕಿಕೊಂಡು 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದ ದಿನಗಳನ್ನು ಗಂಟೆಗಟ್ಟಲೆ ಹೇಳುವ ಮನುಷ್ಯ, ಅಲ್ಲಿ "ಹೌದು, ಹಾಗೆಲ್ಲ ಆಯಿತು" ಎಂದು ಮುಗಿಸಿಬಿಟ್ಟರು. ಸದ್ದು ಚೊಕ್ಕ ಬಂತು, ಮಾತೇ ಇರಲಿಲ್ಲ.

ಮೊದಲ ಮಳೆಗಾಲ ಪೂರ್ತಿ ಹಿನ್ನೆಲೆ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ ಜೊತೆ ಗುದ್ದಾಟದಲ್ಲೇ ಕಳೆಯಿತು. ಆಡಾಸಿಟಿ ಎಂಬ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಮಳೆ ಸದ್ದಿನ ಮಾದರಿ, ಅಂದರೆ ಪ್ರೊಫೈಲ್ ತೆಗೆದು 24 ಡಿಬಿ (ಡೆಸಿಬೆಲ್) ಬಾರಿಸಿದ್ದೆ. ಮಳೆ ಹೋಯಿತು, ಸರಿ. ಆದರೆ ಮಾತಾಡುವವರು ಕೊಡಪಾನದೊಳಗೆ ತಲೆ ಹಾಕಿ ಮಾತಾಡಿದ ಹಾಗೆ ಕೇಳಿತು. ಮಳೆ ಸದ್ದು ಕೆಳಗಿನಿಂದ ಮೇಲಿನವರೆಗೆ ಎಲ್ಲ ಫ್ರೀಕ್ವೆನ್ಸಿಯಲ್ಲೂ ಹರಡಿರುತ್ತದೆ. ಅದನ್ನು ಕಿತ್ತರೆ ಜೊತೆಗೆ ಮಾತಿನ ಮಾಂಸವೂ ಬರುತ್ತದೆ. ಆಮೇಲೆ ಮೆಲ್ಲಗಿನ ಸದ್ದನ್ನೆಲ್ಲ ಮುಚ್ಚಿಬಿಡುವ ಗೇಟ್ ಹಾಕಿದೆ. ಮಾತು ನಿಂತ ಕೂಡಲೇ ಪೂರ್ತಿ ಮೌನ, ಮಾತು ಶುರುವಾದ ಕೂಡಲೇ ಧೋ ಎಂದು ಮಳೆ. ಯಾರೋ ಬಾಗಿಲು ತೆಗೆದು ಹಾಕಿ ಮಾಡಿದ ಹಾಗೆ.

ಗೇಟ್‌ನಿಂದ ಇನ್ನೊಂದು ಅನಾಹುತವೂ ಆಯಿತು. ತುಳುವಿನಲ್ಲಿ ಎಷ್ಟೋ ಮಾತುಗಳ ಕೊನೆಯಲ್ಲಿ ಒಂದು ಅರ್ಧ ಉಕಾರ ಬರುತ್ತದಲ್ವಾ, ತುಟಿ ದುಂಡಗೆ ಮಾಡದೆ ಹೇಳುವುದು. ಅದು ಬಹಳ ಮೆಲ್ಲಗಿನ ಸ್ವರ. ಗೇಟ್ ಅದನ್ನೂ ಸದ್ದು ಎಂದುಕೊಂಡು ನುಂಗಿತು. "ನಿಮ್ಮ ಅಜ್ಜಿ ತುಳುವಿನ ಬಾಲ ಕತ್ತರಿಸಿ ಮಾತಾಡುತ್ತಾರೆ" ಎಂದು ಕೇಳುಗರೊಬ್ಬರು ಫೋನ್ ಮಾಡಿ ಹೇಳಿದರು. ಪಾಪ, ಅಜ್ಜಿ ಸರಿಯಾಗಿಯೇ ಹೇಳಿದ್ದರು. ಬಾಲ ಕತ್ತರಿಸಿದವನು ನಾನು. ದುಡ್ಡು ಕೊಟ್ಟು ಒಂದು ಎಐ ಕ್ಲೀನಿಂಗ್ ಟೂಲನ್ನೂ ಮೂರು ತಿಂಗಳು ಇಟ್ಟುಕೊಂಡೆ, ಒಟ್ಟು 2,500 ಹೋಗಿರಬೇಕು. ಇಂಗ್ಲಿಷಿಗೆ ಪರವಾಗಿಲ್ಲ. ನಮ್ಮ ಅಜ್ಜಿಯನ್ನು ಅದು ನ್ಯೂಸ್ ಓದುವವರ ಹಾಗೆ ಮಾಡಿತು.

ಸದ್ದು ಹೀರುವ ಫೋಮಿನ ಕಥೆ ಕೇಳಬೇಡಿ. 2,800 ಕೊಟ್ಟು ಗೋಡೆಗೆ ಅಂಟಿಸಿದ್ದೆ. ಜುಲೈಯಲ್ಲಿ ಬೂಸರು ಬಂತು, ಆಗಸ್ಟ್‌ನಲ್ಲಿ ಗಾರೆ ಸಮೇತ ಕಳಚಿ ಬಿತ್ತು. ಈಗ ಬೆಕ್ಕು ಅದರ ಮೇಲೆ ಮಲಗುತ್ತದೆ.

ನಡುವೆ ಚಿಲ್ಲರೆ ಪ್ರಯೋಗಗಳು ಬಹಳ. ಭತ್ತ ತುಂಬಿಡುವ ಪತ್ತಾಯ ಖಾಲಿ ಇತ್ತು, ಅದರೊಳಗೆ ಕೂತು ರೆಕಾರ್ಡ್ ಮಾಡಿದೆ. ಹೊರಗಿನ ಸದ್ದು ನಿಜಕ್ಕೂ ಕಡಿಮೆ, ಆದರೆ ಮರದ ಪೆಟ್ಟಿಗೆ ಅಲ್ವಾ, ಸ್ವರ ಗುಂಯ್ ಎಂದು ಉಬ್ಬಿತು. ಬೆವರು ಬೇರೆ. ಮೈಕಿನ ಹಿಂದೆ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ ಕಟ್ಟಿ ನೋಡಿದೆ, ಹಾಳೆ ಒಣಗಿದಂತೆ ಚಟಚಟ ಸದ್ದು ಅದರದ್ದೇ. ಭಾವ ಬಂದವರು ನೋಡಿ, "ಮೈಕಿಗೂ ಬಿಸಿಲು ತಾಗುತ್ತದಾ?" ಎಂದರು. ಕೊನೆಗೆ ಸರಿ ಹೊಂದಿದ್ದು ಹಲಗೆಯ ಮುಚ್ಚಿಗೆ ಇರುವ ಒಳಕೋಣೆ. ಮೇಲೆ ಅಟ್ಟದಲ್ಲಿ ಅಡಿಕೆ ಗೋಣಿಗಳು. ಹೆಂಚಿನ ಸದ್ದು ಗೋಣಿಯನ್ನೂ ಮುಚ್ಚಿಗೆಯನ್ನೂ ದಾಟಿ ಕೆಳಗೆ ಬರುವಾಗ ಮೆತ್ತಗಾಗಿರುತ್ತದೆ. ಕ್ರಯ ಬಂತೆಂದು ಅಡಿಕೆ ಕೊಟ್ಟರೆ ಮಾತ್ರ ರೆಕಾರ್ಡಿಂಗ್ ಹಾಳು. ಹೋದ ವರ್ಷ ಹೆಂಡತಿಗೂ ನನಗೂ ಇದೇ ವಿಷಯಕ್ಕೆ ಸಣ್ಣ ಜಗಳ ಆಯಿತು.

ಎರಡನೇ ಮಳೆಗಾಲದ ಕೊನೆಗೆ ಒಂದು ವಿಷಯ ಹೊಳೆಯಿತು. ಕೇಳುವವರಿಗೆ ಕಿರಿಕಿರಿ ಮಳೆಯಿಂದ ಅಲ್ಲ. ನಾನು ಕತ್ತರಿಸಿದ ಕಡೆಯಲ್ಲೆಲ್ಲ ಮಳೆ ಹಾರುವುದರಿಂದ. ಜೋರು ಮಳೆಯಲ್ಲಿ ಹೇಳಿದ ಮಾತಿನ ಪಕ್ಕ ಹನಿಮಳೆಯಲ್ಲಿ ಹೇಳಿದ ಮಾತು ತಂದಿಟ್ಟರೆ ಕಿವಿ ಥಟ್ಟನೆ ಎಚ್ಚರವಾಗುತ್ತದೆ. ಒಂದೇ ಸಮನೆ ಸುರಿಯುವ ಮಳೆಯನ್ನು ಎರಡು ನಿಮಿಷದಲ್ಲಿ ಮರೆಯುತ್ತೇವೆ. ನಾವು ಇಲ್ಲಿ ನಿದ್ದೆ ಮಾಡುವುದು ಹೇಗೆ ಮತ್ತೆ?

ಹಾಗಾಗಿ ಈಗ ಮಳೆಯನ್ನು ತೆಗೆಯುವುದು ಬಿಟ್ಟು ಸಮ ಮಾಡುತ್ತೇನೆ. ಮಾತು ಮುಗಿದ ಮೇಲೆ ಎಲ್ಲರನ್ನೂ ಚಹಾಕ್ಕೆ ಕಳಿಸಿ, ಮೈಕ್ ಅಲ್ಲೇ ಬಿಟ್ಟು, ಗೇನ್ (ಮೈಕಿನ ಸದ್ದಿನ ಮಟ್ಟ) ಮುಟ್ಟದೆ 10 ನಿಮಿಷ ಬರೀ ಮಳೆ ರೆಕಾರ್ಡ್ ಮಾಡುತ್ತೇನೆ. ಮಾತಿನ ಟ್ರ್ಯಾಕಿಗೆ ನಾಯ್ಸ್ ರಿಡಕ್ಷನ್ 6 ಡಿಬಿ ಮಾತ್ರ, ತೀರಾ ಜೋರಿದ್ದ ತುಂಡಿಗೆ ಇನ್ನೊಮ್ಮೆ 6. ಒಂದೇ ಏಟಿಗೆ 12 ಹಾಕುವುದಕ್ಕಿಂತ ಇದು ವಾಸಿ. ಗೇಟ್ ಬದಲು ಪೂರ್ತಿ ಮುಚ್ಚದೆ ತಗ್ಗಿಸುವ ಎಕ್ಸ್‌ಪಾಂಡರ್, ಅದೂ 5-6 ಡಿಬಿ ಇಳಿಯುವಷ್ಟು. ಮಾತು ನಿಂತ ಮೇಲೆ ಸದ್ದು ಇಳಿಯಲು ಹಿಡಿಯುವ ಸಮಯ, ಅಂದರೆ ರಿಲೀಸ್, 300 ಮಿಲಿಸೆಕೆಂಡ್ ಹತ್ತಿರ ಇಟ್ಟರೆ ತುಳುವಿನ ಬಾಲ ಉಳಿಯುತ್ತದೆ. ಆಮೇಲೆ ಆ 10 ನಿಮಿಷದ ಮಳೆಯನ್ನು ತುದಿಗೆ ತುದಿ ಸೇರಿಸುತ್ತ ಕಂತಿನ ಉದ್ದಕ್ಕೂ ಅಡಿಯಲ್ಲಿ ಹಾಸುತ್ತೇನೆ, ಮಾತಿಗಿಂತ 20-22 ಡಿಬಿ ಕೆಳಗೆ. ಸೇರಿಸುವ ಕಡೆ 5 ಸೆಕೆಂಡ್ ಕ್ರಾಸ್‌ಫೇಡ್, ಒಂದು ಇಳಿಯುತ್ತಿರುವಾಗಲೇ ಇನ್ನೊಂದು ಏರುವ ಹಾಗೆ. ಮೊದಲ ಮಾತಿಗೆ ಮುಂಚೆಯೇ ಮಳೆ ಮೆಲ್ಲಗೆ ಬರಬೇಕು, ಕೊನೆಯ ಮಾತಿನ ನಂತರ ಮೆಲ್ಲಗೆ ಹೋಗಬೇಕು. ನನ್ನ ಕಟ್‌ಗಳೆಲ್ಲ ಅದರಡಿ ಮುಚ್ಚಿಹೋದವು. 40 ನಿಮಿಷದ ಒಂದು ಕಂತಿನಲ್ಲಿ 130ಕ್ಕೂ ಜಾಸ್ತಿ ಕಟ್ ಇತ್ತು. ಒಬ್ಬರಾದರೂ ಹಿಡಿಯಲಿ ನೋಡುವಾ.

ಮಳೆ ಸಮ ಇರಬಹುದು, ಮಾಡಿನ ನೀರು ಸಮ ಇರುವುದಿಲ್ಲ. ಟಪ್ ಟಪ್ ಎಂದು ಕಲ್ಲಿಗೆ ಬೀಳುವ ಹನಿಯನ್ನು ಯಾವ ಸಾಫ್ಟ್‌ವೇರೂ ತೆಗೆಯಲಿಲ್ಲ. ಅಲ್ಲಿ ಉದ್ದಕ್ಕೆ ಅಡಿಕೆ ಸೋಗೆ ಹಾಸಿದೆ, ಖರ್ಚು ಸೊನ್ನೆ. ಮಾಡಿನ ನೀರು ಹರಿಸುವ ದಂಬೆಯ ಕೆಳಗಿನ ಬಕೆಟನ್ನೂ ಹಿತ್ತಿಲಿಗೆ ಸಾಗಿಸಿದೆ. ಸಂಜೆಯ ಜೀರುಂಡೆ ಬೇರೆಯೇ ಜಾತಿ. ಸದ್ದನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್‌ನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ, ನಮ್ಮಲ್ಲಿ 4,500 ಹರ್ಟ್ಸ್ ಆಸುಪಾಸು. ಅಷ್ಟೇ ಫ್ರೀಕ್ವೆನ್ಸಿಯನ್ನು ಕೊರೆದು ತೆಗೆಯುವ ಕಿರಿದಾದ ನಾಚ್ ಫಿಲ್ಟರ್ ಹಾಕಿದರೆ ಮಾಯ. ಇನ್ವರ್ಟರ್‌ನ ಗುಂಯ್‌ಗೆ 50, 100, 150 ಹರ್ಟ್ಸ್, ಮೂರು ಕಡೆ ನಾಚ್. ಪಕ್ಕದ ತೋಟದಲ್ಲಿ ಮದ್ದು ಬಿಡುವ ಪಂಪ್ ಶುರುವಾದರೆ ಮಾತ್ರ ಕೈ ಮುಗಿದು ಎದ್ದು ಬಿಡುವುದು. ಅಡಿಕೆಯ ಕೊಳೆ ರೋಗ ನನಗಾಗಿ ಕಾಯುವುದಿಲ್ಲ.

ಪೆದ್ದುತನದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ನನ್ನದು ಮೊನೊ, ಅಂದರೆ ಒಂದೇ ಚಾನೆಲ್‌ನ ಫೈಲ್. ಕಿವಿಗೆ ಕೇಳುವ ಜೋರನ್ನು ಅಳೆಯುವ ಲಫ್ಸ್ ಲೆಕ್ಕದಲ್ಲಿ ಮೊನೊಗೆ ಮೈನಸ್ 19 ಎಂದು ಗೊತ್ತಿತ್ತು, ಹಾಗೆಯೇ ಹಾಕಿದೆ. ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಮೊನೊವನ್ನು ಡ್ಯುಯಲ್ ಮೊನೊ, ಅಂದರೆ ಎರಡೂ ಸ್ಪೀಕರಿನಲ್ಲಿ ಕೇಳುವಂಥದ್ದು ಎಂದು ಲೆಕ್ಕ ಹಾಕುವ ಟಿಕ್ ಇರುತ್ತದೆ. ಅದು ಹಾಕಿದ್ದರೆ ಮೈನಸ್ 16 ಕೊಡಬೇಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ನಾನು ಟಿಕ್ಕನ್ನೂ ಹಾಗೆಯೇ ಇಟ್ಟುಕೊಂಡು 19ನ್ನೂ ಕೊಟ್ಟು ಎಂಟು ಕಂತು 3 ಡಿಬಿ ಮೆಲ್ಲಗೆ ಬಿಟ್ಟೆ. ಕುಂಬಳೆಯಿಂದ ಬಸ್ಸಿನಲ್ಲಿ ಹೋಗುವ ಅತ್ತೆ, "ನಿನ್ನದು ಮಾತ್ರ ಕೇಳುವುದೇ ಇಲ್ಲ" ಎನ್ನುತ್ತಿದ್ದರು. ತಪ್ಪನ್ನು ಅವರ ಕಿವಿಯ ಮೇಲೆ ಹಾಕಿದ್ದೆ.

ಎಂಪಿ3ಯನ್ನು 64 ಕೆಬಿಪಿಎಸ್‌ಗೆ ಇಳಿಸಿದ್ದು ಇನ್ನೊಂದು ತಪ್ಪು. ಬರೀ ಮಾತಿಗೆ ಸಾಕು, ಮಳೆ ಅದರಲ್ಲಿ ನೊರೆನೊರೆಯಾಗುತ್ತದೆ. ಈಗ 96. 40 ನಿಮಿಷಕ್ಕೆ 29 ಎಂಬಿ ಹತ್ತಿರ ಬರುತ್ತದೆ, ಬರಲಿ.

ಮೌನದ ಜಾಗಗಳನ್ನು ತಾನೇ ಮೊಟಕು ಮಾಡುವ ಟ್ರಂಕೇಟ್ ಸೈಲೆನ್ಸ್ ಹಾಕಿ ಒಬ್ಬ ಅರ್ಥಧಾರಿಯ ಕಂತಿನಿಂದ 6 ನಿಮಿಷ ಉಳಿಸಿದೆ ಎಂದು ಬೀಗಿದ್ದೂ ಉಂಟು. ಅವರು ಪೂರ್ತಿ ಕೇಳಿ, "ನಾನು ಬಿಟ್ಟ ಜಾಗದಲ್ಲಿ ಅರ್ಥ ಇತ್ತು" ಎಂದರು. ವಾಪಸ್ ಹೋಗಿ ಎಲ್ಲ ಮೌನವನ್ನು ಕೈಯಲ್ಲೇ ಹಾಕಿದೆ. ಎರಡು ರಾತ್ರಿ ಹಿಡಿಯಿತು. ಈಗ ಕೆಮ್ಮು, ಕವಳ ಉಗಿಯುವುದು, ಫೋನ್ ರಿಂಗ್ ಬಿಟ್ಟರೆ ಅವರ ಮಾತಿನಲ್ಲಿ ಕತ್ತರಿ ಆಡಿಸುವುದಿಲ್ಲ.

ಇಬ್ಬರಿದ್ದರೆ ಎರಡು ಫೋನ್, ತಲಾ 900 ರೂಪಾಯಿಯ ಕಾಲರ್ ಮೈಕ್. ಎರಡೂ ರೆಕಾರ್ಡಿಂಗನ್ನು ಹೊಂದಿಸಲು ಶುರುವಿಗೊಂದು ಚಪ್ಪಾಳೆ, ಕೊನೆಗೊಂದು ಚಪ್ಪಾಳೆ. ಕೊನೆಯದ್ದು ಬಿಟ್ಟರೆ ಗೋವಿಂದ. ಎರಡು ಫೋನಿನ ಗಡಿಯಾರ ಒಂದೇ ಓಟ ಓಡುವುದಿಲ್ಲ. 40 ನಿಮಿಷದಲ್ಲಿ ನನಗೆ ಸೆಕೆಂಡಿನ ಹತ್ತನೇ ಒಂದು ಪಾಲು ಜಾರಿತ್ತು. ಅಷ್ಟಕ್ಕೇ ಸ್ವರ ಬಾವಿಗೆ ಕೂಗಿದ ಹಾಗೆ ಎರಡೆರಡಾಗುತ್ತದೆ.

ಇಷ್ಟೆಲ್ಲಕ್ಕೆ ಮೂರು ವರ್ಷದಲ್ಲಿ 14,000 ದಾಟಿರಬಹುದು. ಅರ್ಧಕ್ಕರ್ಧ ದಂಡ. ಈಗಿನ ರೀತಿಗೆ ಬೇಕಾದ್ದು ಮೈಕ್, ಹಳೆಯ ಲ್ಯಾಪ್‌ಟಾಪ್, ಗೋಣಿ, ಸೋಗೆ. ಅಜ್ಜಿಯರ ಸ್ವರದ ದಪ್ಪ-ತೆಳು ಹೊಂದಿಸಲು ನಾನು ಹಾಕುವ ಇಕ್ಯೂ (ಈಕ್ವಲೈಸರ್) ಒಂದುಂಟು, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಹೋದ ತಿಂಗಳು ಅಣ್ಣನ ಮಗ ಫೋನ್ ಮಾಡಿದ. ಯಾವುದೋ ಜಾಹೀರಾತಿಗೆ ಮಳೆ ಬೇಕಂತೆ, ನೆಟ್‌ನಲ್ಲಿ ಸಿಗುವುದೆಲ್ಲ ಒಂದೇ ಥರ ಉಂಟಂತೆ. "ಅಪ್ಪಚ್ಚಿ, ನಿಮ್ಮ ಆ ಹೆಂಚಿನ ಮಳೆ ಕಳಿಸುತ್ತೀರಾ?" ಎಂದ. ಕಳಿಸಿದೆ. ಚೊಕ್ಕ ವೇವ್ ಫೈಲ್ ಅಲ್ಲ, 64ರ ಎಂಪಿ3.